ಬಾಡಿಗೆ ಕೇಳುವ ಮೊದಲು ಚಿಲಕ ನೋಡಿ

ನಮ್ಮ ಬಳಗದ ಇಬ್ಬರು ಹೆಣ್ಣುಮಕ್ಕಳು ಒಂದು ಪರೀಕ್ಷೆ ಬರೆಯಲು ಜಿಲ್ಲಾ ಕೇಂದ್ರಕ್ಕೆ ಹೋಗಿದ್ದರು. ಬೆಳಗ್ಗೆ ಒಂಬತ್ತಕ್ಕೆ ಹಾಲ್‌ನಲ್ಲಿ ಇರಬೇಕು. ಊರಿನ ಮೊದಲ ಬಸ್ಸು ಹಿಡಿದರೂ ಆ ಹೊತ್ತಿಗೆ ಮುಟ್ಟುವುದಿಲ್ಲ. ಹಾಗಾಗಿ ಹಿಂದಿನ ಸಂಜೆಯೇ ಹೋಗಿ ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಿನಲ್ಲಿ ರೂಮ್ ಮಾಡಿದರು. ಬಾಗಿಲಿನ ಒಳಚಿಲಕ ಕಿತ್ತುಹೋಗಿತ್ತು. ಅದರ ಗುರುತಾಗಿ ನಾಲ್ಕು ಮೊಳೆ ತೂತು ಮಾತ್ರ ಇದ್ದವು. ಕೌಂಟರ್‌ನಲ್ಲಿ ಹೇಳಿದ್ದಕ್ಕೆ, "ಲಾಕ್ ಇದೆಯಲ್ಲಮ್ಮಾ, ಏನೂ ಆಗಲ್ಲ" ಎಂಬ ಉತ್ತರ ಬಂತು. ಒಂದು ರಾತ್ರಿಯ ಮಾತು ತಾನೇ ಎಂದು ಇಬ್ಬರೂ ಸುಮ್ಮನಾದರು.

ರಾತ್ರಿ ಹನ್ನೊಂದೂವರೆ ಸುಮಾರಿಗೆ ಹೊರಗಿನಿಂದ ಕೀ ತಿರುಗಿದ ಸದ್ದಾಯಿತು. ಬಾಗಿಲು ತೆರೆಯಿತು. ಲೈಟ್ ಹತ್ತಿತು. ರೂಮ್ ಬಾಯ್ ನಿಂತಿದ್ದ, ಅವನ ಹಿಂದೆ ಬ್ಯಾಗ್ ಹಿಡಿದ ಇಬ್ಬರು ಗಂಡಸರು. "ಸಾರಿ ಅಕ್ಕಾ, ರೂಮ್ ಖಾಲಿ ಇದೆ ಅಂದ್ಕೊಂಡಿದ್ದೆ" ಎಂದು ಹುಡುಗ ಬಾಗಿಲು ಎಳೆದುಕೊಂಡು ಹೋದ. ಆದದ್ದು ಇಷ್ಟೇ. ಆದರೆ ಆ ಇಬ್ಬರೂ ಬೆಳಗಿನವರೆಗೆ ಮಲಗಲಿಲ್ಲ. ಮಂಚವನ್ನು ಬಾಗಿಲಿಗೆ ಒತ್ತರಿಸಿ ಅದರ ಮೇಲೆ ಕುಳಿತೇ ರಾತ್ರಿ ಕಳೆದರು. ಪರೀಕ್ಷೆ ಹೇಗಾಯಿತು ಎಂದು ನಾವು ಕೇಳಲಿಲ್ಲ.

ಇದನ್ನು ಬರೆಯುತ್ತಿರುವುದು ಆ ಲಾಡ್ಜನ್ನು ಬೈಯಲು ಅಲ್ಲ. ಈ ವಿಷಯ ನಮ್ಮ ಬಳಗದಲ್ಲಿ ಮಾತಿಗೆ ಬಂದಾಗ ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಕಥೆ ಹೊರಬಂತು. ಆಸ್ಪತ್ರೆಗೆ ತಂದೆಯನ್ನು ಕರೆದುಕೊಂಡು ಹೋದಾಗ ಚಾರ್ಜ್‌ಗೆ ಹಾಕಿದ್ದ ಫೋನ್ ಹೋಗಿದ್ದು, ಜಾತ್ರೆಗೆ ಹೋದಾಗ ನಡುರಾತ್ರಿ ಕುಡಿದವನೊಬ್ಬ ಬಾಗಿಲು ಒದ್ದಿದ್ದು, ಬೆಳಗಿನ ಜಾವ "ಪೊಲೀಸ್, ಬಾಗಿಲು ತೆಗಿ" ಎಂದು ಯಾರೋ ಕೂಗಿದ್ದು. ಯಾರೂ ದೂರು ಕೊಟ್ಟಿರಲಿಲ್ಲ. ಮನೆಯಲ್ಲೂ ಹೇಳಿರಲಿಲ್ಲ. ಯಾಕೆ ಎಂದು ಕೇಳಿದರೆ ಎಲ್ಲರದ್ದೂ ಒಂದೇ ಮಾತು: "ಏನೂ ಆಗಲಿಲ್ಲವಲ್ಲ."

ಆ ಮಾತಿನ ಬಗ್ಗೆಯೇ ನಮ್ಮ ತಕರಾರು.

ಲಾಡ್ಜಿಗೆ ಹೋಗುವವರು ಯಾರು?

ಹಳ್ಳಿಯವರು ಲಾಡ್ಜಿಗೆ ಹೋಗುವುದು ಮೋಜಿಗಲ್ಲ. ಕೋರ್ಟಿನ ವಾಯಿದೆ ಇರುತ್ತದೆ, ಸ್ಕ್ಯಾನಿಂಗ್ ಇರುತ್ತದೆ, ಪೊಲೀಸ್ ಕೆಲಸಕ್ಕೆ ದೈಹಿಕ ಪರೀಕ್ಷೆ ಇರುತ್ತದೆ, ಮಗಳ ಕಾಲೇಜಿನ ಕೌನ್ಸೆಲಿಂಗ್ ಇರುತ್ತದೆ, ಮಾರ್ಕೆಟ್ಟಿಗೆ ತಂದ ಮಾಲು ಆ ದಿನ ಹರಾಜಾಗದೆ ಉಳಿದಿರುತ್ತದೆ. ಜೇಬಿನಲ್ಲಿ ಫೀಸಿನ ದುಡ್ಡು, ಕೈಚೀಲದಲ್ಲಿ ಮೂಲ ಅಂಕಪಟ್ಟಿ, ಪಹಣಿ, ಒಡವೆ. ಅಂದರೆ ನಾವು ಲಾಡ್ಜಿಗೆ ಕಾಲಿಡುವುದು ನಮ್ಮ ಬಳಿ ಕಳೆದುಕೊಳ್ಳಬಾರದ ವಸ್ತುಗಳು ಇರುವ ದಿನವೇ. ಜೊತೆಗೆ ಪರಸ್ಥಳ. ಕೂಗಿದರೆ ಓಡಿಬರುವ ಪಕ್ಕದ ಮನೆಯವರು ಅಲ್ಲಿ ಇರುವುದಿಲ್ಲ.

ಊರಲ್ಲಿ ಹಗಲೆಲ್ಲ ಬಾಗಿಲು ತೆರೆದಿಟ್ಟೇ ಅಭ್ಯಾಸ. ಯಾರಾದರೂ ಬಾಗಿಲು ಬಡಿದರೆ "ಬಂದೆ" ಎನ್ನುತ್ತಲೇ ಎದ್ದು ಹೋಗುತ್ತೇವೆ. ಯಾರು ಎಂದು ಕೇಳುವುದೇ ಒರಟುತನ ಎನಿಸುತ್ತದೆ. ಆ ಒಳ್ಳೆಯ ಅಭ್ಯಾಸವನ್ನು ಲಾಡ್ಜಿನ ಹೊಸ್ತಿಲ ಹೊರಗೆ ಬಿಡಬೇಕು. ಅಲ್ಲಿ ಬಾಗಿಲು ತೆರೆಯದೆ ಮಾತಾಡುವುದು ಮರ್ಯಾದೆಗೇಡಲ್ಲ.

ಒಳಗೆ ಬರುವವರು ಕಳ್ಳರು ಮಾತ್ರವಲ್ಲ

2024ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹಾನಗಲ್ ತಾಲೂಕಿನ ಒಂದು ಲಾಡ್ಜಿನಲ್ಲಿ ನಡೆದದ್ದು ನಮಗೆಲ್ಲ ನೆನಪಿರಬೇಕು. ಬೇರೆ ಬೇರೆ ಧರ್ಮದ ಗಂಡು ಹೆಣ್ಣು ರೂಮಿನಲ್ಲಿದ್ದಾರೆ ಎಂದು ತಿಳಿದು ಗುಂಪೊಂದು ಬಾಗಿಲಿಗೆ ಬಂತು. ಬಾಗಿಲು ತೆರೆಯುತ್ತಿದ್ದಂತೆ ಒಳನುಗ್ಗಿ ಹೊಡೆಯಿತು. ಅದನ್ನು ತಾವೇ ವಿಡಿಯೋ ಮಾಡಿ ಹಂಚಿದರು. ಆಮೇಲೆ ಆ ಮಹಿಳೆ ತನ್ನನ್ನು ಎಳೆದೊಯ್ದು ಸಾಮೂಹಿಕ ಅತ್ಯಾಚಾರ ಮಾಡಿದರು ಎಂದು ಹೇಳಿಕೆ ಕೊಟ್ಟರು. 2025ರ ಮೇ ತಿಂಗಳಲ್ಲಿ ಜಾಮೀನು ಸಿಕ್ಕ ಆರೋಪಿಗಳನ್ನು ಕಾರು, ಬೈಕುಗಳ ಮೆರವಣಿಗೆಯಲ್ಲಿ ಕರೆದೊಯ್ದರು. ಪೊಲೀಸರು ಅದಕ್ಕೂ ಕೇಸು ಹಾಕಬೇಕಾಯಿತು.

ಅದಕ್ಕೂ ಮೊದಲು 2012ರ ಜುಲೈನಲ್ಲಿ ಮಂಗಳೂರಿನ ಪಡೀಲ್‌ನ ಹೋಮ್‌ಸ್ಟೇ ಒಂದರಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದ ಯುವಕ ಯುವತಿಯರ ಮೇಲೆ ಗುಂಪು ದಾಳಿ ನಡೆದಿತ್ತು. ಟಿವಿಯಲ್ಲಿ ರಾಜ್ಯವೆಲ್ಲ ನೋಡಿತು. ಹನ್ನೆರಡು ವರ್ಷದ ಮೇಲೆ, 2024ರಲ್ಲಿ, ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು.

ಇಲ್ಲಿ ನಾವು ನಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಯಾವ ರೂಮಿನಲ್ಲಿ ಯಾರಿದ್ದಾರೆ ಎಂಬ ಸುದ್ದಿ ಹೊರಗೆ ಹೋಗುವುದು ಹೇಗೆ? ಕೌಂಟರ್‌ನಿಂದ ಹೋಗಬಹುದು, ಎದುರಿನ ಟೀ ಅಂಗಡಿಯಿಂದ ಹೋಗಬಹುದು, ಆಟೋ ಸ್ಟ್ಯಾಂಡಿನಿಂದ ಹೋಗಬಹುದು. "ನಿಮ್ಮೂರಿನ ಹುಡುಗಿಯನ್ನು ಇಂಥ ಲಾಡ್ಜ್ ಹತ್ತಿರ ನೋಡಿದೆ" ಎಂದು ಒಂದು ಮೆಸೇಜ್ ಹಾಕುವ ಕೈ ನಮ್ಮ ಗ್ರೂಪುಗಳಲ್ಲೇ ಇದೆ. ಅವಳು ಪರೀಕ್ಷೆಗೆ ಹೋಗಿರಬಹುದು, ಅಣ್ಣನ ಜೊತೆ ಇರಬಹುದು, ಪ್ರೀತಿಸಿದವನ ಜೊತೆಯೂ ಇರಬಹುದು. ಪ್ರಾಪ್ತ ವಯಸ್ಸಿನ ಇಬ್ಬರು ಒಂದು ರೂಮಿನಲ್ಲಿ ಇರುವುದನ್ನು ತಡೆಯುವ ಕಾನೂನು ಇಲ್ಲ ಎಂದು 2019ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದೆ. ಅವರು ಮಾಡಿದ್ದು ನಿಮಗೆ ಹಿಡಿಸದೆ ಇರಬಹುದು. ಆದರೆ ಬಾಗಿಲು ಒದೆಯುವ ಅಧಿಕಾರ ಯಾರಿಗೂ ಇಲ್ಲ. ಇವತ್ತು ಬೇರೆಯವರ ಬಾಗಿಲು ಒದ್ದವರನ್ನು ಹೊಗಳಿದರೆ, ನಾಳೆ ನಮ್ಮ ಮಗಳು ಪರೀಕ್ಷೆಗೆ ಹೋಗಿ ಮಲಗಿದ ರೂಮಿನ ಬಾಗಿಲೂ ಗಟ್ಟಿ ಉಳಿಯುವುದಿಲ್ಲ.

ಕೌಂಟರ್‌ನವರ ಒಂದು ಮಾತು

ದೊಡ್ಡ ಹೋಟೆಲ್‌ಗಳಲ್ಲಿ ಹೀಗಾಗುವುದಿಲ್ಲ ಎಂದುಕೊಳ್ಳಬೇಡಿ. ಅಮೆರಿಕದ ಕ್ರೀಡಾ ವರದಿಗಾರ್ತಿ ಎರಿನ್ ಆಂಡ್ರ್ಯೂಸ್ 2008ರಲ್ಲಿ ನ್ಯಾಶ್‌ವಿಲ್ ನಗರದ ಒಂದು ಹೋಟೆಲಿನಲ್ಲಿ ತಂಗಿದ್ದರು. ಅವರ ಬೆನ್ನು ಬಿದ್ದಿದ್ದ ಒಬ್ಬ ಅವರ ಪಕ್ಕದ ರೂಮನ್ನೇ ಕೇಳಿ ಪಡೆದ. ಹೋಟೆಲಿನವರು ಆಕೆಗೆ ಒಂದು ಮಾತೂ ಹೇಳದೆ ಕೊಟ್ಟರು. ಅವನು ಆಕೆಯ ಬಾಗಿಲಿನ ಗಾಜಿನ ಕಿಂಡಿಯನ್ನು ಬದಲಾಯಿಸಿ ಹೊರಗಿನಿಂದ ವಿಡಿಯೋ ತೆಗೆದು ಇಂಟರ್ನೆಟ್ಟಿಗೆ ಹಾಕಿದ. ಅವನು ಜೈಲಿಗೆ ಹೋದ. ಆಕೆ ಹೋಟೆಲಿನ ಮೇಲೂ ಕೇಸು ಹಾಕಿದರು. 2016ರಲ್ಲಿ ಜ್ಯೂರಿ 5.5 ಕೋಟಿ ಡಾಲರ್ ಪರಿಹಾರಕ್ಕೆ ತೀರ್ಮಾನ ಕೊಟ್ಟಿತು. ಅದರಲ್ಲಿ ಶೇ. 49ರಷ್ಟು ಹೊಣೆಯನ್ನು ಹೋಟೆಲ್ ನಡೆಸುವವರ ಮೇಲೆಯೇ ಹೊರಿಸಿತು.

ನಮ್ಮ ಊರಿನ ಲಾಡ್ಜುಗಳಲ್ಲಿ ಕೋಟಿಗಳ ಮಾತು ಬೇಡ. ಆದರೆ ಪಾಠ ಒಂದೇ. ಒಳಗೆ ನುಗ್ಗಿದವನದು ಎಷ್ಟು ತಪ್ಪೋ, ದಾರಿ ತೋರಿಸಿದವನದೂ ಅದಕ್ಕೆ ಹತ್ತಿರದ ತಪ್ಪು. ಗಿರಾಕಿಯ ರೂಮ್ ನಂಬರನ್ನು ಲಾಡ್ಜಿನವರು ಯಾರಿಗೂ ಹೇಳಬಾರದು. ಯಾರಾದರೂ ಬಂದು ಕೇಳಿದರೆ ರೂಮಿಗೆ ಫೋನ್ ಮಾಡಿ, ಒಪ್ಪಿದರೆ ಮಾತ್ರ ಕಳಿಸಬೇಕು.

ನಮ್ಮ ದೇಶದಲ್ಲಿ ಇದೇನೂ ಹೊಸ ವಿಚಾರವಲ್ಲ. ಬ್ರಿಟಿಷರ ಕಾಲದಲ್ಲಿ, 1867ರಲ್ಲಿ ಬಂದ ಸರಾಯ್ ಕಾಯಿದೆಯೇ ತಂಗುವವರ ರಕ್ಷಣೆಗೆ ಬೇಕಾದಷ್ಟು ಕಾವಲುಗಾರರನ್ನು ಇಡಬೇಕು, ಗೋಡೆ ಬಾಗಿಲು ದುರಸ್ತಿಯಲ್ಲಿರಬೇಕು, ದರದ ಪಟ್ಟಿ ತೂಗುಹಾಕಬೇಕು ಎಂದು ಛತ್ರ ನಡೆಸುವವರಿಗೆ ಹೇಳಿತ್ತು. ಎತ್ತಿನ ಗಾಡಿಯಲ್ಲಿ ಬಂದು ತಂಗುತ್ತಿದ್ದವರಿಗೆ ಇದ್ದ ಭರವಸೆ, ಬಸ್ಸಿನಲ್ಲಿ ಬಂದು ಮುಂಗಡ ಕಟ್ಟಿ ತಂಗುವ ನಮಗೆ ಬೇಡವೇ?

"ಬೆಲೆಬಾಳುವ ವಸ್ತುಗಳಿಗೆ ಮ್ಯಾನೇಜ್‌ಮೆಂಟ್ ಜವಾಬ್ದಾರಿಯಲ್ಲ" ಎಂಬ ಬೋರ್ಡ್ ಎಲ್ಲ ಕೌಂಟರ್ ಮೇಲೂ ಇರುತ್ತದೆ. ಅದನ್ನು ಓದಿ ನಾವು ಎಲ್ಲ ಹಕ್ಕು ಮುಗಿಯಿತು ಎಂದುಕೊಳ್ಳುತ್ತೇವೆ. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಕಾರು ಕಳವಿನ ಪ್ರಕರಣ ತೀರ್ಮಾನಿಸಿತು. ದೆಹಲಿಯ ಹೋಟೆಲೊಂದರಲ್ಲಿ 1998ರಲ್ಲಿ ಗಿರಾಕಿ ಕಾರಿನ ಕೀಯನ್ನು ಸಿಬ್ಬಂದಿಗೆ ಕೊಟ್ಟಿದ್ದರು, ಕಾರು ಕಳವಾಯಿತು. ಪಾರ್ಕಿಂಗ್ ಚೀಟಿಯಲ್ಲಿ "ಮಾಲೀಕರ ಸ್ವಂತ ಹೊಣೆ" ಎಂದು ಬರೆದ ಮಾತ್ರಕ್ಕೆ ಹೋಟೆಲ್ ತನ್ನ ನಿರ್ಲಕ್ಷ್ಯದಿಂದ ಪಾರಾಗಲು ಆಗದು ಎಂದು ಕೋರ್ಟ್ ಹೇಳಿತು. ಅದು ಕಾರಿನ ಪ್ರಕರಣ, ಎಲ್ಲ ಕಳವಿಗೂ ಹಾಗೇ ಅನ್ವಯವಾಗುತ್ತದೆ ಎಂದಲ್ಲ. ಆದರೆ ಬೋರ್ಡೇ ಕೊನೆಯ ಮಾತಲ್ಲ ಎಂಬುದಂತೂ ಗೊತ್ತಾಗುತ್ತದೆ. ಮುರಿದ ಚಿಲಕದ ರೂಮ್ ಕೊಟ್ಟು, ಕಳವಾದ ಮೇಲೆ ಬೋರ್ಡ್ ತೋರಿಸುವವರನ್ನು ಗ್ರಾಹಕರ ಆಯೋಗದಲ್ಲಿ ಪ್ರಶ್ನಿಸಬಹುದು.

ನಾವು ಮಾಡಬಹುದಾದ್ದು

ಲಾಡ್ಜಿನವರ ಹೊಣೆ ಒಂದು ಕಡೆ ಇರಲಿ. ಅವರು ಸರಿಯಾಗುವ ತನಕ ನಾವೂ ಕಾಯುತ್ತಾ ಕೂರಲಾಗದು. ದುಡ್ಡು ಕಟ್ಟುವ ಮೊದಲು ರೂಮ್ ನೋಡಿ. ಐದು ನಿಮಿಷದ ಕೆಲಸ.

ಮೊದಲು ಒಳಚಿಲಕ. ಹಾಕಿ, ಬಾಗಿಲನ್ನು ಎಳೆದು ನೋಡಿ. ಕೀ ಹಾಕುವ ಲಾಕ್ ಇದ್ದರೆ ಸಾಲದು. ಅದರ ಇನ್ನೊಂದು ಕೀ ಕೌಂಟರ್‌ನಲ್ಲಿ ಇರುತ್ತದೆ, ಹಿಂದೆ ತಂಗಿದವರು ವಾಪಸ್ ಕೊಡದೆ ಹೋದ ಕೀ ಎಲ್ಲಿದೆಯೋ ಯಾರಿಗೆ ಗೊತ್ತು. ಒಳಗಿನ ಚಿಲಕಕ್ಕೆ ಮಾತ್ರ ಹೊರಗಿನ ಕೀ ಇಲ್ಲ.

ಆಮೇಲೆ ಕಿಟಕಿ. ಅದು ಬಾಲ್ಕನಿಗೋ ಮೆಟ್ಟಿಲಿಗೋ ಪಕ್ಕದ ಕಟ್ಟಡದ ತಾರಸಿಗೋ ತೆರೆದುಕೊಂಡರೆ ಬೇರೆ ರೂಮ್ ಕೇಳಿ. ಪಕ್ಕದ ರೂಮಿಗೆ ನಡುಬಾಗಿಲು ಇದ್ದರೆ ಅದರ ಚಿಲಕ ನಿಮ್ಮ ಕಡೆ ಇದೆಯೇ ನೋಡಿ. ಬಚ್ಚಲಿನ ವೆಂಟಿಲೇಟರ್, ಮಂಚದ ಕೆಳಗೆ, ಬೀರುವಿನ ಒಳಗೆ ಒಮ್ಮೆ ಕಣ್ಣಾಡಿಸಿ. ಬಾಗಿಲಿನ ಗಾಜಿನ ಕಿಂಡಿಗೆ ಒಳಗಿನಿಂದ ಒಂದು ಚೂರು ಕಾಗದ ಅಂಟಿಸಿ, ಬೇಕಾದಾಗ ತೆಗೆದು ನೋಡಬಹುದು.

ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಗಿಲ ಕೆಳಗೆ ಇಡುವ ರಬ್ಬರ್ ಬೆಣೆ ಸಿಗುತ್ತದೆ. ಒಳಕ್ಕೆ ತೆರೆಯುವ ಬಾಗಿಲಿಗೆ ಅದನ್ನು ಒತ್ತಿ ಇಟ್ಟರೆ ಚಿಲಕ ಸಡಿಲವಿದ್ದರೂ ತಳ್ಳುವುದು ಕಷ್ಟ. ಅದು ಇಲ್ಲದಿದ್ದರೆ ಬಾಗಿಲಿಗೆ ಒರಗಿಸಿ ಸ್ಟೀಲ್ ಬಕೆಟ್ಟು, ಅದರಲ್ಲಿ ಚೊಂಬು ಇಡಿ. ಬಾಗಿಲು ಅಲ್ಲಾಡಿದರೆ ಸದ್ದಿಗೆ ಎಚ್ಚರವಾಗುತ್ತದೆ. ಆದರೆ ಒಂದು ಮಾತು: ಒಳಗಿನಿಂದ ಬೀಗ ಜಡಿದು ಕೀಯನ್ನು ಎಲ್ಲೋ ಇಡಬೇಡಿ. ಬೆಂಕಿ ಬಿದ್ದರೆ, ಕರೆಂಟ್ ಶಾರ್ಟ್ ಆದರೆ, ಕತ್ತಲಲ್ಲಿ ನೀವೇ ಹೊರಬರಬೇಕು. ನುಗ್ಗುವವರನ್ನು ತಡೆಯುವ ಬಾಗಿಲು ನಿಮ್ಮನ್ನೂ ತಡೆಯಬಾರದು.

ಕೌಂಟರ್‌ನಲ್ಲಿ ರೂಮ್ ನಂಬರನ್ನು ಜೋರಾಗಿ ಕೂಗಬೇಡಿ ಎಂದು ಹೇಳಿ. ಆಧಾರ್ ಜೆರಾಕ್ಸ್ ಕೊಡಬೇಕಾದರೆ ಮೊದಲ ಎಂಟು ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್ ಕೊಡಿ, ಆಧಾರ್ ವೆಬ್‌ಸೈಟಿನಲ್ಲಿ ಅದು ಪುಕ್ಕಟೆಯಾಗಿ ಡೌನ್‌ಲೋಡ್ ಆಗುತ್ತದೆ. ಲಾಡ್ಜಿನ ಹೆಸರು, ರೂಮ್ ನಂಬರ್, ಕೌಂಟರ್ ಫೋನ್ ನಂಬರ್ ಮೂರನ್ನೂ ಮನೆಯವರಿಗೆ ಕಳಿಸಿ.

ಯಾರಾದರೂ ಬಾಗಿಲು ಬಡಿದರೆ ಚಿಲಕ ತೆಗೆಯದೆ ಕೇಳಿ. "ನೀರು ನೋಡಬೇಕು, ಟಿವಿ ರಿಪೇರಿ, ಟವೆಲ್ ತಂದಿದ್ದೇನೆ" ಏನೇ ಹೇಳಲಿ, "ಕೌಂಟರ್‌ಗೆ ಕೇಳಿ ತೆಗೀತೀನಿ" ಎನ್ನಿ. ನಿಜವಾದ ಕೆಲಸಕ್ಕೆ ಬಂದವರು ಎರಡು ನಿಮಿಷ ಕಾಯುತ್ತಾರೆ. ಮಕ್ಕಳಿಗೆ ಬಾಗಿಲು ತೆಗೆಯಬಾರದು ಎಂದು ಮೊದಲೇ ಹೇಳಿಡಿ.

ಪೊಲೀಸ್ ಎಂದರೆ? ಪೊಲೀಸರನ್ನು ಅಡ್ಡಿಪಡಿಸಿ ಎಂದು ನಾವು ಹೇಳುತ್ತಿಲ್ಲ. ಹೆಸರು, ಠಾಣೆ ಕೇಳಿ. ಗುರುತಿನ ಚೀಟಿ ತೋರಿಸಲು ಹೇಳಿ. ಅನುಮಾನ ಬಂದರೆ ಒಳಗಿನಿಂದಲೇ 112ಕ್ಕೆ ಫೋನ್ ಮಾಡಿ, ಇಂಥ ಲಾಡ್ಜಿಗೆ ಪೊಲೀಸರು ಬಂದಿದ್ದಾರೆಯೇ ಎಂದು ಕೇಳಿ. ನಿಜವಾದ ಪೊಲೀಸರಿಗೆ ಇದರಿಂದ ತೊಂದರೆ ಇಲ್ಲ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನ ಪ್ರಕಾರ ತಪಾಸಣೆ ಮತ್ತು ಜಪ್ತಿಯನ್ನು ವಿಡಿಯೋ ಮಾಡಲೇಬೇಕು. ವಿಡಿಯೋ ಇಲ್ಲದೆ, ರಸೀದಿ ಇಲ್ಲದೆ, ಸ್ಥಳದಲ್ಲೇ ದುಡ್ಡು ಕೇಳುವವರು ಪೊಲೀಸರಾದರೂ ತಪ್ಪು, ಆಗದಿದ್ದರೂ ತಪ್ಪು.

ಹೊರಗೆ ಹೋಗಿ ಬಂದಾಗ ನಿಮ್ಮ ಬಾಗಿಲು ತೆರೆದಿದ್ದರೆ ಒಳಗೆ ಹೋಗಬೇಡಿ. ಕೆಳಗಿಳಿದು ಕೌಂಟರ್‌ನವರನ್ನು ಕರೆತನ್ನಿ. ಒಳಗೆ ಯಾರಾದರೂ ಇದ್ದರೆ ಅವರಿಗೆ ಹೊರಬರುವ ದಾರಿ ನೀವೇ ಆಗಿಬಿಡುತ್ತೀರಿ. ನೀವು ಒಳಗಿದ್ದಾಗ ಯಾರಾದರೂ ನುಗ್ಗಿದರೆ ಕೂಗಿ, ಲೈಟ್ ಹಾಕಿ, ಹೊರಗೆ ಓಡಿ. ಫೋನಿಗಾಗಿ, ದುಡ್ಡಿಗಾಗಿ ಹೋರಾಡಬೇಡಿ. ಜೀವ ಇದ್ದರೆ ಅಂಕಪಟ್ಟಿಯ ನಕಲು ತರಿಸಬಹುದು.

"ಏನೂ ಆಗಲಿಲ್ಲವಲ್ಲ" ಎನ್ನಬೇಡಿ

ಕಾನೂನಿನ ಕಣ್ಣಲ್ಲಿ ಏನೋ ಆಗಿದೆ. ನೀವು ತಂಗಿದ ರೂಮ್ ಆ ರಾತ್ರಿಗೆ ನಿಮ್ಮ ವಾಸದ ಜಾಗ. ಕೆಟ್ಟ ಉದ್ದೇಶದಿಂದ ಅದರೊಳಗೆ ನುಗ್ಗುವುದು ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್ ಪ್ರಕಾರ ಅಪರಾಧ, ಒಂದು ವರ್ಷದವರೆಗೆ ಜೈಲು ಆಗಬಹುದು. ವಾಸದ ಕಟ್ಟಡದಲ್ಲಿ ಕಳವು ಮಾಡಿದರೆ 305ನೇ ಸೆಕ್ಷನ್, ಏಳು ವರ್ಷದವರೆಗೆ. ಹೆಣ್ಣುಮಕ್ಕಳನ್ನು ಕದ್ದು ನೋಡುವುದು, ವಿಡಿಯೋ ಮಾಡುವುದು 77ನೇ ಸೆಕ್ಷನ್. ಮೊದಲ ಸಲ ಸಾಬೀತಾದರೂ ಒಂದು ವರ್ಷಕ್ಕೆ ಕಡಿಮೆ ಇಲ್ಲದ, ಮೂರು ವರ್ಷದವರೆಗಿನ ಜೈಲು.

ದೂರು ಕೊಡಲು ಆ ಊರಲ್ಲೇ ಉಳಿಯಬೇಕಿಲ್ಲ. ನಿಮ್ಮೂರಿನ ಠಾಣೆಯಲ್ಲೂ ಝೀರೋ ಎಫ್‌ಐಆರ್ ಮಾಡಿಸಬಹುದು, ಅವರು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಎಫ್‌ಐಆರ್ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು. ತಡ ಮಾಡಬೇಡಿ. ಸಿಸಿಟಿವಿ ರೆಕಾರ್ಡಿಂಗ್ ಕೆಲವು ದಿನಕ್ಕೆ ತಾನೇ ಅಳಿಸಿಹೋಗುತ್ತದೆ. ದೂರಿನಲ್ಲೇ "ಇಂಥ ದಿನದ, ಇಂಥ ಹೊತ್ತಿನ ರೆಕಾರ್ಡಿಂಗ್ ತೆಗೆದಿಡಿ" ಎಂದು ಬರೆಸಿ. ಲಾಡ್ಜಿನ ರಸೀದಿ ಇಟ್ಟುಕೊಳ್ಳಿ. ರಸೀದಿ ಇಲ್ಲದೆ ಕಡಿಮೆ ಬಾಡಿಗೆಗೆ ಒಪ್ಪಿದರೆ, ನೀವು ಅಲ್ಲಿ ತಂಗಿದ್ದೇ ಇಲ್ಲ ಎಂದು ಹೇಳಲು ಅವರಿಗೆ ದಾರಿ ಮಾಡಿಕೊಟ್ಟಂತೆ.

ಹುಡುಗರ ಮಾತೂ ಇದೆ

ಆ ರಾತ್ರಿ ಬಾಗಿಲು ತೆರೆದ ರೂಮ್ ಬಾಯ್ ಕೂಡ ಯಾವುದೋ ಹಳ್ಳಿಯ ಹುಡುಗನೇ. ಹಗಲೂ ರಾತ್ರಿ ಅವನೇ ಕೆಲಸ ಮಾಡುತ್ತಾನೆ, ಮೆಟ್ಟಿಲ ಕೆಳಗೆ ಮಲಗುತ್ತಾನೆ. ಯಾವ ರೂಮ್ ಖಾಲಿ, ಯಾವುದು ತುಂಬಿದೆ ಎಂಬ ಲೆಕ್ಕ ಅವನ ತಲೆಯಲ್ಲೇ ಇರಬೇಕು. ಯಾರದ್ದಾದರೂ ಒಡವೆ ಕಳೆದರೆ ಮೊದಲು ಹೊಡೆತ ತಿನ್ನುವುದೂ ಅವನೇ. ಮಾಸ್ಟರ್ ಕೀ ಯಾರು, ಯಾವಾಗ, ಯಾವ ರೂಮಿಗೆ ತೆಗೆದುಕೊಂಡರು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಗಿರಾಕಿಗೂ ರಕ್ಷಣೆ, ಅವನಿಗೂ ರಕ್ಷಣೆ. ಬಾಗಿಲು ಬಡಿದು, ಕಾದು, ಆಮೇಲೆ ಕೀ ಹಾಕಬೇಕು ಎಂದು ಮಾಲೀಕರು ಅವನಿಗೆ ಕಲಿಸಬೇಕು.

ಖರ್ಚು ಜಾಸ್ತಿ ಎಂದು ಮಾಲೀಕರು ಹೇಳುವಂತಿಲ್ಲ. ಒಂದು ಒಳ್ಳೆಯ ಚಿಲಕಕ್ಕೆ ಒಂದು ರಾತ್ರಿಯ ಬಾಡಿಗೆಯಷ್ಟೂ ಆಗುವುದಿಲ್ಲ. ಲೈಸೆನ್ಸ್ ಕೊಡುವ ಪುರಸಭೆ, ಪಟ್ಟಣ ಪಂಚಾಯ್ತಿಗಳು ಫೀಸು ಕಟ್ಟಿಸಿಕೊಂಡು ಸೀಲು ಒತ್ತುವ ಬದಲು ಒಮ್ಮೆ ಮೆಟ್ಟಿಲು ಹತ್ತಿ ಬಾಗಿಲುಗಳನ್ನು ಎಳೆದು ನೋಡಲಿ. ಒಳಚಿಲಕ, ರಾತ್ರಿ ಕೌಂಟರ್‌ನಲ್ಲಿ ಎಚ್ಚರವಿರುವ ಒಬ್ಬ ಮನುಷ್ಯ, ಕೀ ಪುಸ್ತಕ, ಗೋಡೆಯ ಮೇಲೆ 112 ಮತ್ತು ಠಾಣೆಯ ನಂಬರ್. ಈ ನಾಲ್ಕು ಇಲ್ಲದ ಲಾಡ್ಜಿಗೆ ಲೈಸೆನ್ಸ್ ನವೀಕರಣ ಬೇಡ. ಇದು ನಮ್ಮ ಬೇಡಿಕೆ. ನಿಮ್ಮ ಊರಿನಿಂದ ಪುರಸಭೆಗೆ ಆಯ್ಕೆಯಾದ ಪರಿಚಯದವರು ಇದ್ದರೆ ಈ ಮಾತು ಅವರ ಕಿವಿಗೆ ಹಾಕಿ.

ನಮ್ಮ ಆ ಇಬ್ಬರು ಮತ್ತೆ ಇನ್ನೊಂದು ಪರೀಕ್ಷೆಗೆ ಹೋದರು. ಬೇರೆ ಲಾಡ್ಜ್. ಈ ಸಲ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು, "ಒಳಗೆ ಚಿಲಕ ಇದೆಯಾ ಅಣ್ಣಾ?" ಎಂದು ಕೇಳಿದರು. ಕೌಂಟರ್‌ನವರು ಮುಖ ನೋಡಿದರು, ಆಮೇಲೆ ಹುಡುಗನನ್ನು ಕರೆದು ಬೇರೆ ಕೀ ಕೊಟ್ಟು ಕಳಿಸಿದರು. ಚಿಲಕ ಇಲ್ಲದ ರೂಮ್ ಯಾವುದು ಎಂದು ಅವರಿಗೆ ಗೊತ್ತೇ ಇತ್ತು. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅಷ್ಟೇ.